ಎಡ ಮಂಡಿಯ ಹನ್ನೊಂದು ಹೊಲಿಗೆ

ನಮ್ಮ ಸ್ಟುಡಿಯೋದಲ್ಲಿ ಬಟರ್ ಪೇಪರಿಗೆ ಎದುರಾಡುವಂತಿರಲಿಲ್ಲ. ಫೋಟೋದ ಪ್ರಿಂಟಿನ ಮೇಲೆ ಆ ತೆಳ್ಳನೆಯ ಹಾಳೆಯನ್ನು ಅಂಟಿಸಿ, ಎಲ್ಲೆಲ್ಲಿ ಏನೇನು ತಿದ್ದಬೇಕೆಂದು ಆರ್ಟ್ ಡೈರೆಕ್ಟರು ಕೆಂಪು ಪೆನ್ಸಿಲಿನಲ್ಲಿ ಬಾಣ ಎಳೆದು ಬರೆದು ಕಳಿಸುತ್ತಿದ್ದರು. ನಾವು ಕಂಪ್ಯೂಟರಿನಲ್ಲಿ ಹಾಗೆಯೇ ತಿದ್ದಬೇಕು. ತಿದ್ದಿದ ಮೇಲೆ ಬಾಣದ ಪಕ್ಕ ನೀಲಿ ಪೆನ್ನಿನಲ್ಲಿ ಒಂದು ರೈಟ್ ಹಾಕಿ, ಹಾಳೆಯನ್ನು ಆ ಕೆಲಸದ ಖಾಕಿ ಕವರಿಗೆ ಸೇರಿಸಬೇಕು. ಯಾಕೆ ಎಂದು ಕೇಳುವ ಪದ್ಧತಿ ಇರಲಿಲ್ಲ. ಬರೆದವರು ಯಾರು ಎಂದು ನೋಡುವ ಪದ್ಧತಿಯೂ ಇರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಚೆನ್ನೈನಲ್ಲಿ ಕೈಯಿಂದ ಬರೆದ ಹೋರ್ಡಿಂಗುಗಳು ಒಂದೊಂದಾಗಿ ಇಳಿದು, ಆ ಜಾಗಕ್ಕೆ ಫ್ಲೆಕ್ಸ್ ಏರುತ್ತಿತ್ತು. ಮೌಂಟ್ ರೋಡಿನ ಜಾಹೀರಾತು ಕಂಪನಿಯೊಂದರಲ್ಲಿ ನಾನು ಫೋಟೋ ತಿದ್ದುವವಳು. ಮೊಡವೆ ಅಳಿಸುವುದು, ಕೂದಲು ದಟ್ಟ ಮಾಡುವುದು, ಇಡ್ಲಿಯಿಂದ ಹಬೆ ಏಳಿಸುವುದು, ಎಲ್ಲವೂ ನನ್ನ ಕೈಗೆ ಬರುತ್ತಿತ್ತು. ಕೆಲಸ ಚೆನ್ನಾಗಿ ಮಾಡುತ್ತೇನೆಂಬ ಜಂಬ ಬೇರೆ ಇತ್ತು.

ಆ ವರ್ಷ ಆಟದ ಬೂಟು ಮಾಡುವ ಕಂಪನಿಯೊಂದರ ಕೆಲಸ ಬಂತು. ಉದ್ದ ಜಿಗಿತದಲ್ಲಿ ರಾಜ್ಯಕ್ಕೆ ಮೊದಲು ಬಂದಿದ್ದ ಹುಡುಗಿಯೊಬ್ಬಳನ್ನು ಅವರು ಆರಿಸಿದ್ದರು. ಅವಳ ಹೆಸರು, ಚಿತ್ರ, ಕಂಪನಿಯ ಬೂಟು, ಇಷ್ಟು ಸೇರಿ ಟಿ. ನಗರದ ಬಸ್ ನಿಲ್ದಾಣದ ಎದುರು ಒಂದು ದೊಡ್ಡ ಹೋರ್ಡಿಂಗು. ಅದಕ್ಕೆ ಪ್ರತಿಯಾಗಿ ಕಂಪನಿ ಅವಳಿಗೆ ಒಂದು ವರ್ಷ ಅಡಿಯಲ್ಲಿ ಮೊಳೆಯಿರುವ ಓಟದ ಬೂಟು ಕೊಟ್ಟು ತರಬೇತಿಯ ಖರ್ಚು ನೋಡಿಕೊಳ್ಳುತ್ತದೆ. ಆ ಒಂದು ವರ್ಷ ಸಿಕ್ಕಿದರೆ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾಗಬಹುದು ಎಂಬುದು ಅವಳ ಆಸೆ.

ಒಪ್ಪಂದಕ್ಕೆ ಸಹಿ ಹಾಕಲು ಅವಳ ಜೊತೆ ಅಪ್ಪನೂ ಆಫೀಸಿಗೆ ಬಂದಿದ್ದರು. ಕುಂದಾಪುರದ ಕಡೆಯವರು, ತ್ರಿಪ್ಲಿಕೇನಿನ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ದೋಸೆ ಕಾವಲಿಯ ಮುಂದೆ ನಿಂತವರು. ನಾನು ಫೋನಿನಲ್ಲಿ ನಮ್ಮಮ್ಮನ ಜೊತೆ ಜಗಳವಾಡುತ್ತಿದ್ದುದನ್ನು ಕೇಳಿಸಿಕೊಂಡು, ಮುಗಿಯುವವರೆಗೂ ಪಕ್ಕದಲ್ಲೇ ಕಾದು ನಿಂತರು.

"ಕನ್ನಡದವ್ರಾ ನೀವು? ಯಾವೂರು?"

"ಮೈಸೂರು. ಕೂತ್ಕೊಳಿ."

ಕೂರಲಿಲ್ಲ. "ಚಿತ್ರ ಸರಿ ಮಾಡುವವ್ರು ನೀವೇ ಅಂತ ಹೇಳಿದ್ರು. ಒಂದು ಉಪಕಾರ ಆಗ್ಬೇಕು ಅಮ್ಮಾ. ಮಗಳ ಎಡದ ಮೊಣಗಂಟಲ್ಲಿ ಹೊಲಿಗೆ ಹಾಕಿದ ಗುರುತು ಉಂಟು. ಹನ್ನೊಂದು ಹೊಲಿಗೆ. ಹಾರುವಾಗ ಬಿದ್ದದ್ದು. ಅದೊಂದು ಕಾಣದ ಹಾಗೆ ಮಾಡ್ಲಿಕ್ಕೆ ಆಗ್ತದಾ? ನಾಳೆ ಸಂಬಂಧಕ್ಕೆ ಬಂದವ್ರು ಕೇಳ್ತಾರೆ."

"ಅದೇನು ಮಹಾ, ಮಾಡ್ಕೊಡ್ತೀನಿ. ಚಡ್ಡಿ ಹಾಕಿರೋ ಫೋಟೋ ಅಷ್ಟು ದೊಡ್ಡದಾಗಿ ಹಾಕ್ತಾರಲ್ಲ, ಪರವಾಗಿಲ್ವಾ?"

ಅವರು ನನ್ನನ್ನು ಪೆದ್ದಿಯನ್ನು ನೋಡಿದಂತೆ ನೋಡಿದರು. "ಸೀರೆ ಉಟ್ಟು ಹಾರ್ಲಿಕ್ಕೆ ಆಗ್ತದಾ? ಬೇರೆ ಎಂತದೂ ಬೇಡ, ಹೊಲಿಗೆ ಒಂದು."

ಮಗಳು ದೂರದಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. ಸಂಜೆಯ ಅಭ್ಯಾಸಕ್ಕೆ ತಡವಾಗುತ್ತಿತ್ತೋ ಏನೋ.

ಫೋಟೋ ತೆಗೆಯುವ ದಿನ ನಾನು ಮೈದಾನಕ್ಕೆ ಹೋಗಿರಲಿಲ್ಲ. ಮೂರು ರೋಲ್ ಫಿಲ್ಮು ತೊಳೆದು ಬಂದ ಮೇಲೆ ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಒಂದೊಂದೇ ಫ್ರೇಮ್ ನೋಡಿದೆ. ಒಂದರಲ್ಲಿ ಕಣ್ಣು ನಿಂತುಬಿಟ್ಟಿತು. ಹುಡುಗಿ ಗಾಳಿಯಲ್ಲಿದ್ದಾಳೆ, ಎರಡೂ ಕೈ ಹಿಂದಕ್ಕೆ, ಹಲ್ಲು ಕಚ್ಚಿದ್ದಾಳೆ, ತೊಡೆಯ ಸ್ನಾಯುಗಳು ಹುರಿ ಹಾಕಿದ ಹಗ್ಗದಂತೆ ಎದ್ದಿವೆ. ಇದೇ ಹೋರ್ಡಿಂಗು ಎಂದುಕೊಂಡೆ.

ಮಧ್ಯಾಹ್ನ ಬಟರ್ ಪೇಪರು ಬಂದದ್ದು ಬೇರೆ ಫ್ರೇಮಿನ ಮೇಲೆ. ಜಿಗಿದಾದ ಮೇಲೆ ಎದ್ದು, ಮುಂದಕ್ಕೆ ಬಗ್ಗಿ, ತೊಡೆಗೆ ಮೆತ್ತಿದ ಮರಳು ಕೊಡವುತ್ತಿರುವ ಚಿತ್ರ. ಕ್ಯಾಮೆರಾ ನೆಲದ ಮಟ್ಟದಲ್ಲಿತ್ತು. ಹುಡುಗಿಯ ಕಣ್ಣು ಅದರ ಕಡೆ ಇರಲೇ ಇಲ್ಲ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಲಾಗಿತ್ತು. ಕಂಪನಿಯ ಲೋಗೋ ಬಲಗಡೆ ಕೂರಬೇಕಾದ್ದರಿಂದ ಹುಡುಗಿಯ ಮುಖ ಆ ಕಡೆಗಿರಬೇಕಂತೆ. ಹಾಗಾಗಿ ಎಡ ಮಂಡಿಯ ಗುರುತು ಬಲ ಮಂಡಿಗೆ ಹೋಗಿತ್ತು. ಮೇಲಿನ ಬಾಣಗಳು ಹೀಗಿದ್ದವು: ಚಡ್ಡಿ ಎರಡಿಂಚು ಮೇಲಕ್ಕೆ. ಬನಿಯನ್ನಿನ ಕತ್ತು ಕೆಳಕ್ಕೆ. ತೊಡೆ ತೆಳ್ಳಗೆ, ನುಣ್ಣಗೆ. ಬೆವರು ಹೊಳೆಯಲಿ. ಎದೆಯ ಮೇಲಿನ ನಂಬರ್ ಚೀಟಿ ತೆಗೆ. ಬಲ ಮಂಡಿಯ ಹೊಲಿಗೆ ಗುರುತು ತೆಗೆ. ಮುಖ ಸರಿಯಿಲ್ಲ, ನಗುವ ಫ್ರೇಮಿನಿಂದ ತಂದು ಕೂರಿಸು.

ಜಿಗಿಯುವ ಫ್ರೇಮ್ ಹಿಡಿದುಕೊಂಡು ಆರ್ಟ್ ಡೈರೆಕ್ಟರ ಹತ್ತಿರ ಹೋದೆ. ಕೆಟ್ಟ ಮನುಷ್ಯರಲ್ಲ. ನನ್ನ ಕೆಲಸ ಕಂಡು ಎರಡು ಸಲ ಬಡ್ತಿ ಕೊಡಿಸಿದವರು. ಭೂತಗನ್ನಡಿಯಲ್ಲಿ ನೋಡಿ, ಹೆರಿಗೆ ನೋವಿನ ಮುಖದ ಹಾಗಿದೆ ಎಂದು ತಮಿಳಿನಲ್ಲಿ ನಕ್ಕರು.

"ಮುಖ ಪಾರುಮ್ಮಾ. ಪ್ರಸವ ವೇದನೆ ಮಾದಿರಿ ಇರುಕ್ಕು."

"ಸಾರ್, ಅವಳು ಹಾರ್ತಾ ಇದಾಳೆ."

"ಅದನ್ನ ಸ್ಪೋರ್ಟ್ಸ್ ಪೇಜ್‌ನವರು ಹಾಕ್ಲಿ," ಎಂದು ಮತ್ತೆ ತಮ್ಮ ಕೆಲಸಕ್ಕೆ ಬಗ್ಗಿದರು. ಸ್ಪೋರ್ಟ್ಸ್ ಪೇಜಿನವರು ಏನು ಹಾಕುತ್ತಿದ್ದರು ಎಂಬುದೂ ನನಗೆ ಗೊತ್ತಿತ್ತು. ಹೆಣ್ಣುಮಕ್ಕಳ ಟೆನಿಸ್ ಇದ್ದ ವಾರ ಪತ್ರಿಕೆಗಳನ್ನು ತೆರೆದರೆ ಚೆಂಡು ಎಲ್ಲಿ ಹೋಯಿತೆಂದು ಹುಡುಕಬೇಕಿತ್ತು.

ನಾನು ಕೆಲಸ ಮಾಡಿದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾಲ್ಕು ದಿನ ಕೂತು ಮಾಡಿದೆ. ಆಗಿನ ಯಂತ್ರಕ್ಕೆ ಅಷ್ಟು ದೊಡ್ಡ ಫೈಲನ್ನು ಒಂದು ಸಲ ಸೇವ್ ಮಾಡಲು ಕೊಟ್ಟರೆ ಕಾಫಿ ಕುಡಿದು ಬರಬಹುದಿತ್ತು. ತೊಡೆಯ ಅಂಚಿನ ಉದ್ದಕ್ಕೂ ಬೇಲಿ ಹಾಕಿದಂತೆ ಗೆರೆ ಎಳೆದು, ಒಳಗಿನದನ್ನು ಸವೆಸಿ, ಸವೆದ ಜಾಗಕ್ಕೆ ಹಿಂದಿನ ಮರಳನ್ನು ನಕಲು ಮಾಡಿ ತುಂಬಿದೆ. ಹೊಲಿಗೆಯನ್ನು ಅಳಿಸುವಾಗ, ಅಪ್ಪ ಕೇಳಿದ ಉಪಕಾರವಾದರೂ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕೊನೆಗೆ ಮುಖ. ನಗುವ ಫ್ರೇಮಿನಿಂದ ತಲೆ ಕತ್ತರಿಸಿ ತಂದು ಕೂರಿಸುವಾಗ ಮೊದಲಿನ ಮುಖ ಒಂದು ಗಳಿಗೆ ಅಡಿಯಲ್ಲಿ ಕಂಡಿತು. ತುಟಿ ಕಚ್ಚಿಕೊಂಡು, ಕಣ್ಣಿಗೆ ಬಿದ್ದ ಮರಳಿಗೆ ರೆಪ್ಪೆ ಬಿಗಿದು, ಇನ್ನೊಂದು ಜಿಗಿತದ ಲೆಕ್ಕದಲ್ಲಿದ್ದ ಮುಖ. ತನ್ನ ಫೋಟೋ ತೆಗೆಯುತ್ತಿದ್ದಾರೆಂಬುದೇ ಗೊತ್ತಿಲ್ಲದ ಮುಖ. ಆದರೂ ನಗು ಅಂಟಿಸಿದೆ. ರೈಟ್ ಹಾಕಿದೆ.

ಪ್ರೂಫ್ ಪ್ರಿಂಟಾಗಿ ಬಂದಾಗ ಎಲ್ಲರೂ ಹೊಗಳಿದರು. ಹುಡುಗಿಗೆ ಯಾವಾಗ ತೋರಿಸುತ್ತೀರಿ ಎಂದು ಕೇಳಿದೆ. ರೂಪದರ್ಶಿಗಳಿಗೆ ಪ್ರೂಫ್ ತೋರಿಸುವ ಪದ್ಧತಿ ಇಲ್ಲ ಎಂದರು. ಅವಳು ರೂಪದರ್ಶಿ ಅಲ್ಲವಲ್ಲ ಎಂದೆ. ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ರಾತ್ರಿಯೆಲ್ಲ ಸಿಟ್ಟು. ಬೆಳಗ್ಗೆ ಎದ್ದಾಗ ಆ ಸಿಟ್ಟಿನಲ್ಲಿ ಹೆಚ್ಚಿನದು ನನ್ನ ಮೇಲೆಯೇ ಎಂದು ಗೊತ್ತಾಯಿತು.

ಅದೇ ದಿನ ಊಟದ ಬಿಡುವಿನಲ್ಲಿ ಪ್ರೂಫನ್ನು ಸುರುಳಿ ಸುತ್ತಿ ಡಬ್ಬದಲ್ಲಿಟ್ಟುಕೊಂಡು ತ್ರಿಪ್ಲಿಕೇನಿಗೆ ಬಸ್ ಹತ್ತಿದೆ. ಹೊರಗಿನವರಿಗೆ ಪ್ರೂಫ್ ತೋರಿಸಿದರೆ ಕೆಲಸ ಹೋಗುತ್ತದೆ, ಅದು ಗೊತ್ತಿತ್ತು. ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದು, ಸಂಜೆಯ ತಿಂಡಿಗೆ ಇನ್ನೂ ಹೊತ್ತಿತ್ತು. ಮಗಳು ಮರೀನಾದ ಮರಳಿನಲ್ಲಿ ಓಡಿ ಬಂದು, ಮೂಲೆಯ ಮೇಜಿನಲ್ಲಿ ತಡವಾಗಿ ಊಟ ಮಾಡುತ್ತಿದ್ದಳು. ಮೇಜು ಒರೆಸಿ ಪ್ರೂಫ್ ಬಿಚ್ಚಿದೆ.

"ಯಾರಕ್ಕಾ ಇದು?"

"ನೀನೇ."

ಮುಖವನ್ನಲ್ಲ, ಅವಳು ಮೊದಲು ಕಾಲನ್ನು ನೋಡಿದಳು. "ಎನ್ ಕಾಲ್ ಇಲ್ಲೆ ಅಕ್ಕಾ, ನನ್ನ ಕಾಲಲ್ಲ ಇದು. ನಾನು ಎಡಗಾಲಲ್ಲಿ ಹಲಗೆ ಒದ್ದು ಹಾರುದು. ಆ ತೊಡೆ ದಪ್ಪ ಉಂಟು. ಇದ್ರಲ್ಲಿ ಎರಡೂ ಕಡ್ಡಿ. ಈ ಕಾಲಲ್ಲಿ ನಾಲ್ಕು ಮೀಟರ್ ಕೂಡ ಹಾರ್ಲಿಕ್ಕೆ ಆಗುದಿಲ್ಲ." ಆಮೇಲೆ ಮುಖ ನೋಡಿದಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಇದು ಎಪ್ಪ ಎಡುತ್ತಾಂಗ, ಯಾವಾಗ ತೆಗ್ದದ್ದು? ಬ್ರೇಕ್ ಅಂತ ಹೇಳಿದ್ರು. ನಾನು ಮರಳು ಕೊಡವ್ತಾ ಇದ್ದೆ. ಮರಳು ಕೊಡವುವಾಗ ಯಾರಾದ್ರೂ ನಗ್ತಾರಾ ಅಕ್ಕಾ?"

ನಾನು ಒಂದೊಂದಾಗಿ ಎಲ್ಲವನ್ನೂ ಹೇಳಿದೆ. ಚಡ್ಡಿ, ಕತ್ತು, ತೊಡೆ, ನಗು. ಮಾಡಿದವಳು ನಾನೇ ಎಂದೂ ಹೇಳಿದೆ. ಅಪ್ಪ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಬಹಳ ಹೊತ್ತು ನೋಡಿದರು.

"ಇದು ಹಾರುವ ಹುಡುಗಿ ಅಲ್ಲ ಅಮ್ಮಾ," ಎಂದರು. ಮತ್ತೆ ಮೆಲ್ಲಗೆ, "ಹೊಲಿಗೆ ತೆಗ್ದಿದ್ದೀರಿ, ನಾನು ಹೇಳಿದ ಹಾಗೆ," ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಏನು ಮಾಡಬಹುದು ಎಂದು ಹುಡುಗಿ ಕೇಳಿದಳು. ನಾನು ಬಟರ್ ಪೇಪರಿನ ಪದ್ಧತಿ ವಿವರಿಸಿದೆ. ಅದರ ಮೇಲೆ ಬರೆದದ್ದನ್ನು ನಾನು ಮಾಡಲೇಬೇಕು, ಬರೆದವರು ಯಾರೆಂದು ಯಾರೂ ನೋಡುವುದಿಲ್ಲ. ಚೀಲದಲ್ಲಿ ಒಂದು ಹೊಸ ಹಾಳೆ, ಕೆಂಪು ಪೆನ್ಸಿಲು ಇದ್ದವು. ಬರುವಾಗ ಯಾಕೆ ತಂದೆನೋ, ಬಹುಶಃ ಇದಕ್ಕೇ. ಅವಳು ಕೈ ತೊಳೆದು ಬಂದು ಹಾಳೆಯನ್ನು ಪ್ರೂಫಿನ ಮೇಲೆ ಹಾಸಿ ಬರೆಯತೊಡಗಿದಳು. ಎಡಬಲ ಮೊದಲಿನಂತೆ. ತೊಡೆ ಮೊದಲಿನಂತೆ. ಚಡ್ಡಿ, ಬನಿಯನ್ ಮೊದಲಿನಂತೆ. ನಂಬರ್ ಚೀಟಿ ಬೇಕು. ನಗು ಬೇಡ. ಪೆನ್ಸಿಲು ಮಂಡಿಯ ಮೇಲೆ ಬಂದು ನಿಂತಿತು.

"ಅದು ಬೇಡ ಮಗಾ," ಎಂದರು ಅಪ್ಪ.

"ಅಪ್ಪಾ, ಒಂದು ವರ್ಷ ಆಸ್ಪತ್ರೆಗೂ ಗ್ರೌಂಡಿಗೂ ನನ್ನನ್ನು ಎತ್ಕೊಂಡು ಓಡಾಡಿದ್ದು ಯಾಕೆ?"

ಅವಳು ಬರೆದಳು: ಹೊಲಿಗೆ ವಾಪಸ್, ಹನ್ನೊಂದು. ಹಾಳೆಯ ಕೆಳಗೆ ಇನ್ನೊಂದು ಸಾಲು: ಆಗದಿದ್ದರೆ ನನ್ನ ಹೆಸರು ತೆಗೆಯಿರಿ.

"ಬೂಟು, ಟ್ರೈನಿಂಗು ಎಲ್ಲ ಹೋಗುತ್ತೆ ಕಣಮ್ಮ."

"ತೆರಿಯುಂ ಅಕ್ಕಾ," ಎಂದಳು. ಗೊತ್ತು ಎಂದು ಹೇಳಿ, ಅನ್ನದ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ತಿನ್ನಲಿಲ್ಲ.

ಎರಡು ದಿನದಲ್ಲಿ ಅದೇ ಫೈಲಿನಲ್ಲಿ ಎಲ್ಲವನ್ನೂ ಹಿಂದಕ್ಕೆ ತಂದು, ಅವಳು ಬರೆದ ಹಾಳೆಯನ್ನು ಕವರಿಗೆ ಸೇರಿಸಿದೆ. ಆಡಿ ಮಾಸದ, ಅಂದರೆ ಆಷಾಢದ, ಸೇಲ್ ಜಾಹೀರಾತುಗಳ ನೂಕುನುಗ್ಗಲಿನಲ್ಲಿ ಆರ್ಟ್ ಡೈರೆಕ್ಟರು ಕವರಿನ ಮೇಲೆ ನೋಡದೆಯೇ ಸಹಿ ಗೀಚಿದರು. ಎರಡನೇ ಪ್ರೂಫ್ ನೇರ ಬೂಟು ಕಂಪನಿಗೆ ಹೋಯಿತು. ಮರುದಿನ ಹನ್ನೊಂದು ಗಂಟೆಗೆ ನನ್ನನ್ನು ಕರೆದರು.

ಬೂಟು ಕಂಪನಿಯ ಮ್ಯಾನೇಜರು ಪ್ರೂಫನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. "ಏನಮ್ಮಾ ಇದು, ಆಸ್ಪತ್ರೆ ಜಾಹೀರಾತಾ? ಹೊಲಿಗೆ, ಮರಳು, ಗಂಟು ಮೋರೆ."

"ಅದು ಅವಳ ಕಾಲು ಸಾರ್."

"ಯಾರು ಹೇಳಿದ್ದು ಬದಲಾಯಿಸೋಕೆ?" ಎಂದರು ಆರ್ಟ್ ಡೈರೆಕ್ಟರು.

"ಬಟರ್ ಪೇಪರಿನಲ್ಲಿ ಬಂದಿತ್ತು." ಆರ್ಟ್ ಡೈರೆಕ್ಟರು ಹಾಳೆ ತೆಗೆದು ಕೈಬರಹ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರಿಗೆ ತಿಳಿಯಿತು.

ನಾನು ಆ ದಿನಕ್ಕಾಗಿ ಒಂದು ತಯಾರಿ ಮಾಡಿಕೊಂಡಿದ್ದೆ. ಎರಡು ತಿಂಗಳ ಹಿಂದೆ ಬೈಕ್ ಜಾಹೀರಾತಿಗೆ ಒಬ್ಬ ವೇಗದ ಬೌಲರನ ಚಿತ್ರ ತಿದ್ದಿದ್ದೆ. ಆ ಕವರಿನಿಂದ ಅವನ ಬಟರ್ ಪೇಪರು ತಂದಿದ್ದೆ. ಅದರಲ್ಲಿದ್ದದ್ದು: ಗಲ್ಲದ ಗಾಯ ಎದ್ದು ಕಾಣಲಿ. ಪ್ಯಾಂಟಿನ ಕೆಸರು ಹಾಗೇ ಇರಲಿ. ಮುಖದ ಸಿಟ್ಟು ಮುಟ್ಟಬೇಡ. ಬರೆದದ್ದು ಅದೇ ಕೆಂಪು ಪೆನ್ಸಿಲು, ಅದೇ ಕೈ. ಅದನ್ನೂ ಹುಡುಗಿಯ ಚಿತ್ರಕ್ಕೆ ಮೊದಲು ಬಂದಿದ್ದ ಹಾಳೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟೆ. "ಅವನಿಗೆ ಗಾಯ ಶೋಭೆ, ಇವಳಿಗೆ ಯಾಕಲ್ಲ ಸಾರ್?" ಎಂದು ಕೇಳಿದೆ. ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವಂತೆ ಇಟ್ಟ ಮೇಲೆ ಯಾರೂ ಇಲ್ಲವೆನ್ನಲಾರರು ಎಂದು ನಂಬಿದ್ದೆ.

ಮ್ಯಾನೇಜರು ಎರಡನ್ನೂ ಓದಿದರು. ಓದಿ ನಕ್ಕುಬಿಟ್ಟರು, ಸಿಟ್ಟಿಲ್ಲದೆ, ಮಗುವಿಗೆ ಹೇಳಿದಂತೆ. "ಅವನು ಓಡಿದ್ರೆ ಬೈಕ್ ಮಾರಾಟ ಆಗುತ್ತೆ ಅಮ್ಮಾ. ಇವಳು ಹಾರಿದ್ರೆ ನನ್ನ ಬೂಟು ಮಾರಾಟ ಆಗಲ್ಲ. ಬಗ್ಗಿದ್ರೆ ಆಗುತ್ತೆ."

ಕೋಣೆಯಲ್ಲಿದ್ದವರು ನನ್ನ ಕಡೆ ನೋಡದೆ ನಕ್ಕರು. ಅವರಿಗೆ ವಾದ ಅರ್ಥವಾಗದೆ ಇದ್ದಿದ್ದರೆ ನಾನು ಇನ್ನೊಮ್ಮೆ ಹೇಳಬಹುದಿತ್ತು. ಚೆನ್ನಾಗಿ ಅರ್ಥವಾಗಿತ್ತು. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ದಾರಿ ಹುಡುಕಿದವರು ಆರ್ಟ್ ಡೈರೆಕ್ಟರೇ. ಹುಡುಗಿಯೇ ಹೆಸರು ಬೇಡ ಎಂದು ಬರೆದುಕೊಟ್ಟಿದ್ದಾಳೆ, ಒಳ್ಳೆಯದಾಯಿತು, ಹೆಸರು ತೆಗೆಯೋಣ. ಹೆಸರಿಲ್ಲದ ಮೇಲೆ ಮುಖ ಯಾಕೆ? ಭುಜದಿಂದ ಕೆಳಕ್ಕೆ, ಮಂಡಿಯವರೆಗೆ ಇಟ್ಟುಕೊಳ್ಳೋಣ. ಮೇಲಿನದು ಕತ್ತರಿಸೋಣ. ಅವಳಿಗೂ ತೊಂದರೆ ಇಲ್ಲ, ನಮಗೂ ಇಲ್ಲ.

"ಹಾಗಾದರೆ ಪಾದ?" ಎಂದೆ. "ಬೂಟು ಇರೋದು ಪಾದದಲ್ಲಿ ಸಾರ್."

ಬೂಟನ್ನು ಬೇರೆ ಫೋಟೋ ತೆಗೆದು ಕೆಳಗಿನ ಮೂಲೆಯಲ್ಲಿ ಇಡುವುದೆಂದು ತೀರ್ಮಾನವಾಯಿತು.

ಸೀಟಿಗೆ ಮರಳಿ, ಮೌಸ್ ಕೈಗೆ ತೆಗೆದುಕೊಂಡು, ಮತ್ತೆ ಕೆಳಗಿಟ್ಟೆ. ಈ ಕೆಲಸ ನಾನು ಮಾಡುವುದಿಲ್ಲ ಎಂದು ಹೋಗಿ ಹೇಳಿದೆ. ಆರ್ಟ್ ಡೈರೆಕ್ಟರು ಬೈಯಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಸೀರೆ ಸೇಲಿನ ಪಟ್ಟಿಗಳನ್ನು ಜೋಡಿಸಲು ಕೂರಿಸಿ, ಕವರನ್ನು ಪಕ್ಕದ ಮೇಜಿನ ಸಹೋದ್ಯೋಗಿಗೆ ಕೊಟ್ಟರು. ಅವನು ಶಿಸ್ತಿನ ಮನುಷ್ಯ. ಕವರಿನಲ್ಲಿದ್ದ ಮೊದಲ ಬಟರ್ ಪೇಪರು ತೆಗೆದು, ನಾನು ಹಿಂದಕ್ಕೆ ತಂದಿದ್ದ ಫೈಲನ್ನು ತೆರೆದು, ಒಂದೊಂದೇ ಸಾಲು ಮಾಡುತ್ತ ಹೋದ. ಚಡ್ಡಿ ಮೇಲಕ್ಕೆ ಹೋಯಿತು, ರೈಟ್. ತೊಡೆ ಸವೆಯಿತು, ರೈಟ್. ಕತ್ತು, ಬೆವರು, ನಂಬರ್ ಚೀಟಿ, ರೈಟ್. ನಾನು ಕಣ್ಣಂಚಿನಲ್ಲಿ ನೋಡುತ್ತಲೇ ಇದ್ದೆ. ಅಲ್ಲಿಂದ ಎದ್ದು ಹೋಗುವ ಧೈರ್ಯವೂ ನನಗಿರಲಿಲ್ಲ.

ಬಲ ಮಂಡಿಯ ಹೊಲಿಗೆ ಗುರುತು ತೆಗೆ, ಎಂಬ ಸಾಲು ಬಂತು. ಅವನು ಬಲ ಮಂಡಿ ನೋಡಿದ. ಚಿತ್ರ ಈಗ ಎಡಬಲ ಸರಿಯಾಗಿತ್ತು, ಬಲ ಮಂಡಿ ಶುಭ್ರವಾಗಿತ್ತು. "ಇದು ಆಗಲೇ ಮಾಡಿದೀಯಲ್ಲ," ಎಂದು ನನ್ನ ಕಡೆ ಕೇಳಿದ.

ಎಡ ಮಂಡಿಯ ಬಗ್ಗೆ ಹಾಳೆಯಲ್ಲಿ ಏನೂ ಇರಲಿಲ್ಲ. ಹಾಳೆಯಲ್ಲಿಲ್ಲದ್ದನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ.

"ಹೂಂ," ಎಂದೆ. ಅವನು ರೈಟ್ ಹಾಕಿದ.

ಎಲ್ಲ ಸಾಲಿಗೂ ರೈಟ್ ಬಿದ್ದಿದ್ದರಿಂದ, ಸೇಲಿನ ಗಡಿಬಿಡಿಯಲ್ಲಿ ಮತ್ತೊಂದು ಪ್ರೂಫ್ ತೆಗೆಯದೆ ಫೈಲು ನೇರ ಪ್ರಿಂಟಿಗೆ ಹೋಗಿ, ಹದಿನೈದು ದಿನದ ಮೇಲೆ ಹೋರ್ಡಿಂಗು ಏರಿತು. ಬೂಟಿನ ಒಪ್ಪಂದ ರದ್ದಾದ ಪತ್ರ ಅದಕ್ಕೂ ಮೊದಲೇ ತ್ರಿಪ್ಲಿಕೇನಿಗೆ ತಲುಪಿತ್ತು. ಅಪ್ಪ ಹೋಟೆಲಿನಿಂದ ಫೋನ್ ಮಾಡಿ, "ಒಮ್ಮೆ ನೋಡ್ಬೇಕು ಅಮ್ಮಾ, ನೀವೂ ಬನ್ನಿ," ಎಂದರು. ಯಾಕೆ ನೋಡಬೇಕು ಎಂದು ಬಾಯಿಗೆ ಬಂದಿತ್ತು, ಕೇಳಲಿಲ್ಲ. ಭಾನುವಾರ ಬೆಳಗ್ಗೆ ಟಿ. ನಗರದ ಬಸ್ ನಿಲ್ದಾಣದ ಎದುರು ನಾವು ಮೂವರು ನಿಂತೆವು. ಆಡಿ ಸೇಲಿನ ಜನ, ಕೈತುಂಬ ಚೀಲ, ಎಲ್ಲರೂ ನಮ್ಮನ್ನು ಸರಿಸಿಕೊಂಡು ಹೋಗುತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದ ಗಂಡಸರು ತಲೆಯೆತ್ತಿ ನೋಡುತ್ತಿದ್ದರು.

ಮೇಲೆ ತಲೆಯಿಲ್ಲದ, ಪಾದವಿಲ್ಲದ ಒಂದು ಮೈ ಬಗ್ಗಿ ನಿಂತಿತ್ತು. ಮೂಲೆಯಲ್ಲಿ ಬೂಟು. ಚೌಕಟ್ಟಿನ ಕೆಳ ಅಂಚಿನಲ್ಲಿ, ಒಬ್ಬ ಆಳಿನಷ್ಟು ದೊಡ್ಡದಾಗಿ, ಎಡ ಮಂಡಿ. ಅದರ ಮೇಲೆ ಹೊಲಿಗೆಗಳು. ರಸ್ತೆಯ ಈಚೆಯಿಂದ ಎಣಿಸಬಹುದಿತ್ತು.

ನಾನು ಏನೋ ಸಾಧಿಸಿದವಳಂತೆ ಆ "ಹೂಂ" ಅನ್ನು ಹದಿನೈದು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಲ್ಲಿ ನಿಂತಾಗ ಅದು ಎಷ್ಟು ಸಣ್ಣದೆಂದು ಗೊತ್ತಾಯಿತು.

ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ದೂರು ಕೊಡುವ ಮಾತು ಬಂದಾಗ, "ಯಾರ ಚಿತ್ರ ಅಂತ ಕೇಳಿದ್ರೆ ಎಂತ ತೋರಿಸುದು?" ಎಂದು ಅವರೇ ತಲೆಯಾಡಿಸಿದರು. ಮತ್ತೆ ಮೇಲೆ ನೋಡಿದರು.

"ತೆಗೀಲಿಕ್ಕೆ ನಾನು ಹೇಳಿದ್ದು ಅದೊಂದೇ ಅಮ್ಮಾ," ಎಂದರು. "ಉಳಿಸಿದ್ದೂ ಅದೊಂದೇ ಅಲ್ವಾ."

ಹುಡುಗಿ ಹೆಗಲ ಚೀಲವನ್ನು ಸರಿಮಾಡಿಕೊಂಡಳು. ಅದರ ಬಾಯಿಯಲ್ಲಿ ಹಳೆಯ ಮೊಳೆ ಬೂಟಿನ ಹಿಮ್ಮಡಿ ಕಾಣುತ್ತಿತ್ತು.

"ಅಲ್ಲಿ ನಂದು ಅಂತ ಇರುದೂ ಅದೊಂದೇ ಅಪ್ಪಾ," ಎಂದಳು. "ಬಾ, ಪ್ರಾಕ್ಟೀಸ್‌ಗೆ ಹೊತ್ತಾಯ್ತು."